ತೊಗಟೆಯ ಹೊರಗೆ ಕಾಯುವ ಬೂಷ್ಟು: ಮರಕೊರಕ ದುಂಬಿಗಳ ಮೇಲೆ ಶಿಲೀಂಧ್ರ ಬಳಸಿದ ನನ್ನ ಅನುಭವ

ಕಾಂಡದಲ್ಲಿ ತೂತು ಕಂಡಿತು, ಬುಡದಲ್ಲಿ ಮರದ ಪುಡಿ ಉದುರಿದೆ ಎಂದೊಡನೆ ಶಿಲೀಂಧ್ರದ ದ್ರಾವಣ ತಂದು ತೂತಿಗೆ ಸುರಿಯುವವರೇ ಹೆಚ್ಚು. ಅದರಿಂದ ಆಗುವ ಪ್ರಯೋಜನ ತೀರಾ ಕಡಿಮೆ. ತೂತಿನೊಳಗೆ ಹಿಕ್ಕೆ ಬೆರೆತ ಪುಡಿ ಗಿಡಿದು ತುಂಬಿರುತ್ತದೆ. ಅದರಾಚೆ ಎಲ್ಲೋ ಮರಿಹುಳು ಕೊರೆಯುತ್ತಿರುತ್ತದೆ. ದ್ರಾವಣ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹುಳು ತಿಂದರೆ ಕೆಲಸ ಮಾಡುವ ಬ್ಯಾಕ್ಟೀರಿಯಾ, ವೈರಸ್‌ಗಳ ಹಾಗೆ ಶಿಲೀಂಧ್ರ ಹೊಟ್ಟೆಯ ಮೂಲಕ ಕೊಲ್ಲುವುದಿಲ್ಲ. ಅದರ ಬೀಜಾಣು ಹುಳುವಿನ ಚರ್ಮಕ್ಕೆ ಅಂಟಬೇಕು, ಅಲ್ಲೇ ಮೊಳೆಯಬೇಕು, ಚರ್ಮ ತೂರಿ ಒಳಗಿಳಿಯಬೇಕು. ಹಾಗಾಗಿ ದುಂಬಿ ಮರದಿಂದ ಹೊರಬಂದು ಕಾಂಡದ ಮೇಲೆ, ರೆಂಬೆಯ ಮೇಲೆ ನಡೆದಾಡುವ ದಿನಗಳಷ್ಟೇ ನಮ್ಮ ಪಾಲಿಗೆ ಇರುವುದು. ಬೂಷ್ಟು ಬೆಳೆಸುವುದು, ಒಣಗಿಸುವುದು, ಬೂಷ್ಟು ಬೆಳೆದ ಬಟ್ಟೆಯ ಪಟ್ಟಿಯನ್ನು ಮರಕ್ಕೆ ಕಟ್ಟುವುದು, ಬಲೆ ತೂಗುಹಾಕುವುದು, ಎಲ್ಲವನ್ನೂ ನಾನು ಆ ದಿನಗಳಿಂದ ಹಿಂದಕ್ಕೆ ಲೆಕ್ಕ ಹಾಕಿಯೇ ಶುರು ಮಾಡುವುದು.

ಯಾವ ದುಂಬಿ, ಎಷ್ಟು ದಿನ ಹೊರಗೆ

ಮೊದಲು ದುಂಬಿಯ ಗುರುತು ಹಿಡಿಯಬೇಕು. ಹೊರಬಂದ ತೂತೇ ಅರ್ಧ ಹೇಳಿಬಿಡುತ್ತದೆ. ಪೆನ್ಸಿಲ್ ತೂರುವಷ್ಟು ದುಂಡಗಿನ ತೂತಾದರೆ ಉದ್ದ ಮೀಸೆಯ ದುಂಬಿ. ಮೂರು ನಾಲ್ಕು ಮಿಲಿಮೀಟರಿನ, ಒಂದು ಬದಿ ಚಪ್ಪಟೆಯಾದ ತೂತಾದರೆ ಹೊಳೆಯುವ ಮೈಯ ಅಗ್ರಿಲಸ್ ಜಾತಿ. ಚಿಕ್ಕ ಗುಂಡು ಹೊಡೆದ ಹಾಗೆ ತೊಗಟೆಯ ತುಂಬ ಸಣ್ಣ ತೂತುಗಳಿದ್ದರೆ ತೊಗಟೆ ದುಂಬಿ. ತೂತು ಸಣ್ಣದಿದ್ದು, ಕಾಂಡದಿಂದ ಬಿಳಿ ಪುಡಿ ಊದುಬತ್ತಿಯ ಬೂದಿಯಂತೆ ಕಡ್ಡಿಕಡ್ಡಿಯಾಗಿ ಹೊರಚಾಚಿದ್ದರೆ ಅಂಬ್ರೋಸಿಯಾ ದುಂಬಿ.

ಉದ್ದ ಮೀಸೆಯ ದುಂಬಿಗಳು ಈ ವಿಧಾನಕ್ಕೆ ಹೇಳಿ ಮಾಡಿಸಿದಂಥವು. ಅನೊಪ್ಲೊಫೋರಾ ಗ್ಲಾಬ್ರಿಪೆನಿಸ್ ಎಂಬ ಏಷ್ಯಾದ ದುಂಬಿಯ ಹೆಣ್ಣು ಹೊರಬಂದ ಕೂಡಲೇ ಮೊಟ್ಟೆ ಇಡುವುದಿಲ್ಲ. ಸುಮಾರು ಎರಡು ವಾರ ಎಳೆ ರೆಂಬೆಯ ತೊಗಟೆ, ಎಲೆಯ ದೇಟು ತಿಂದು ಬಲಿಯಬೇಕು. ಆ ಎರಡು ವಾರದಲ್ಲಿ ಅದು ಮರವನ್ನು ಹತ್ತಿ ಇಳಿದು ಸಾಕಷ್ಟು ನಡೆಯುತ್ತದೆ. ಪೈನ್ ಮರಗಳಿಗೆ ಒಣಗು ರೋಗ ತರುವ ಜಂತುಹುಳುವನ್ನು ಹೊತ್ತೊಯ್ಯುವ ಮೊನೊಕಾಮಸ್ ದುಂಬಿಗಳದ್ದೂ ಇದೇ ರೀತಿ. ಅವು ರೆಂಬೆ ತಿನ್ನುವಾಗಲೇ ಜಂತುಹುಳು ಮರಕ್ಕೆ ದಾಟುತ್ತದೆ. ಬೂಷ್ಟು ತಗುಲಿದ ದುಂಬಿ ಸಾಯುವ ಕೆಲವು ದಿನ ಮೊದಲೇ ತಿನ್ನುವುದನ್ನು ಕಡಿಮೆ ಮಾಡುವುದರಿಂದ ಅಲ್ಲಿ ಸಾವಿಗಿಂತ ಮುಂಚೆಯೇ ಲಾಭ ಶುರುವಾಗುತ್ತದೆ.

ತೊಗಟೆ ದುಂಬಿಗಳದ್ದು ಕಷ್ಟದ ಪಾಡು. ಸ್ಪ್ರೂಸ್ ಮರದ ಇಪ್ಸ್ ಟೈಪೋಗ್ರಾಫಸ್ ಐದು ಮಿಲಿಮೀಟರಿನಷ್ಟು ಉದ್ದದ ಹುಳು. ಹಾರಿ ಬಂದು ಕೂತರೆ ಬೇಗನೆ ತೊಗಟೆಯೊಳಗೆ ಇಳಿದುಬಿಡುತ್ತದೆ. ಇಲ್ಲಿ ಸಿಂಪಡಣೆ ನಂಬಿ ಕೂರುವ ಬದಲು ದುಂಬಿಯನ್ನೇ ಬಲೆಗೆ ಕರೆದು, ಬೀಜಾಣು ಮೆತ್ತಿಸಿ, ಬಿಟ್ಟುಬಿಡುವ ದಾರಿ ಹಿಡಿಯಬೇಕು. ಅಂಬ್ರೋಸಿಯಾ ದುಂಬಿಯಲ್ಲಿ ಗುರಿ ಇನ್ನೂ ಕಿರಿದು, ಸುರಂಗ ತೋಡಲು ಬರುವ ತಾಯಿ ದುಂಬಿ ಒಂದೇ. ತಾಯಿ ಸತ್ತರೆ ಸುರಂಗದೊಳಗೆ ಅದು ಮರಿಗಳಿಗಾಗಿ ಬೆಳೆಸುವ ಶಿಲೀಂಧ್ರ ತೋಟ ಹಾಳಾಗಿ ಸಂಸಾರವೇ ನಿಲ್ಲುತ್ತದೆ.

ಯಾವ ಬೂಷ್ಟು

ಎರಡು ಕುಲ ಸಾಕು: ಬ್ಯುವೇರಿಯಾ ಮತ್ತು ಮೆಟಾರೈಜಿಯಂ. ರೇಷ್ಮೆ ಸಾಕುವವರಿಗೆ ಬ್ಯುವೇರಿಯಾ ಬ್ಯಾಸಿಯಾನಾ ಹಳೆಯ ಶತ್ರು. ಹುಳುವನ್ನು ಸೀಮೆಸುಣ್ಣದಂತೆ ಗಟ್ಟಿ ಬಿಳಿ ಮಾಡುವ ಸುಣ್ಣಕಟ್ಟು ರೋಗ ಇದರದ್ದೇ. ಆ ರೋಗಕ್ಕೆ ಶಿಲೀಂಧ್ರ ಕಾರಣವೆಂದು ಇಟಲಿಯ ಅಗೋಸ್ಟಿನೋ ಬ್ಯಾಸಿ 1835ರಲ್ಲಿ ಪ್ರಕಟಿಸಿದ. ಅವನ ಹೆಸರೇ ಜಾತಿಯ ಹೆಸರಾಯಿತು. ಮೆಟಾರೈಜಿಯಂ ಹಸಿರು ಬೂಷ್ಟು. ಇಲ್ಯಾ ಮೆಚ್ನಿಕಾಫ್ 1879ರಲ್ಲಿ ಗೋಧಿಗೆ ಬೀಳುವ ಅನಿಸೋಪ್ಲಿಯಾ ದುಂಬಿಯ ಮೇಲೆ ಅದನ್ನು ಪ್ರಯೋಗಿಸಿದ. ಇದರ ಒಂದು ಜಾತಿಯ ಹೆಸರೇ ಮೆಟಾರೈಜಿಯಂ ಅನಿಸೋಪ್ಲಿಯೇ, ಅಂದರೆ ದುಂಬಿಯೊಂದಿಗೆ ಈ ಬೂಷ್ಟಿನ ನಂಟು ಹೆಸರಿನಲ್ಲೇ ಇದೆ.

ಬೀಜಾಣು ಚರ್ಮಕ್ಕೆ ಅಂಟಿದ ಮೇಲೆ ತೇವ ಸಿಕ್ಕರೆ 12ರಿಂದ 24 ಗಂಟೆಯಲ್ಲಿ ಮೊಳೆಯುತ್ತದೆ. ಮೊಳಕೆಯ ತುದಿ ಉಬ್ಬಿ ಚರ್ಮವನ್ನು ಹಿಡಿದುಕೊಳ್ಳುತ್ತದೆ, ಪ್ರೋಟೀನ್ ಮತ್ತು ಕೈಟಿನ್ ಕರಗಿಸುವ ಕಿಣ್ವಗಳನ್ನು ಸುರಿಸಿ, ಜೊತೆಗೆ ಒತ್ತಡ ಹಾಕಿ ತೂರುತ್ತದೆ. ಒಳಗೆ ಹೋದ ಮೇಲೆ ರಕ್ತದಲ್ಲಿ ತುಂಡುತುಂಡಾಗಿ ಹರಡಿ ಪೋಷಕಾಂಶ ಹೀರಿ ವಿಷ ಬಿಡುತ್ತದೆ. ಚಿಕ್ಕ ತೊಗಟೆ ದುಂಬಿ ಒಂದು ವಾರದೊಳಗೆ ಸಾಯಬಹುದು, ದೊಡ್ಡ ಉದ್ದ ಮೀಸೆಯದಕ್ಕೆ ಎರಡು ಮೂರು ವಾರವೂ ಹಿಡಿಯುತ್ತದೆ. ಈ ವಿಳಂಬವನ್ನು ಮೊದಲೇ ಒಪ್ಪಿಕೊಂಡವರಿಗೆ ಮಾತ್ರ ಈ ಕೆಲಸ ಹೇಳಿದ್ದು. ಇವತ್ತು ಹೊಡೆದು ನಾಳೆ ಸತ್ತ ಹುಳು ಎಣಿಸುವ ರೂಢಿಯವರು ಮೂರನೇ ದಿನಕ್ಕೇ ಕೈಬಿಟ್ಟು ರಾಸಾಯನಿಕ ಹೊಡೆಯುತ್ತಾರೆ, ಅಷ್ಟರಲ್ಲಿ ಹಿಡಿದಿದ್ದ ಸೋಂಕಿನ ಫಲವೂ ಕಾಣದೆ ಹೋಗುತ್ತದೆ.

ತಳಿ ಹುಡುಕುವಾಗ ಅದೇ ಕಾಡಿನ, ಅದೇ ದುಂಬಿಯ ಹೆಣದಿಂದ ತೆಗೆದದ್ದಕ್ಕೆ ನನ್ನ ಮೊದಲ ಆದ್ಯತೆ. ಆ ಬಿಸಿಲು, ಆ ಚಳಿಗೆ ಅದು ಒಗ್ಗಿರುತ್ತದೆ, ಹೊರಗಿನ ಜೀವಿಯನ್ನು ಕಾಡಿಗೆ ಬಿಟ್ಟ ಹಾಗೂ ಆಗುವುದಿಲ್ಲ. ತೊಗಟೆ ಎಬ್ಬಿಸಿ ನೋಡುವಾಗ ಗಟ್ಟಿಯಾಗಿ ಒಣಗಿದ, ಕೀಲುಗಳ ಸಂದಿಯಲ್ಲಿ ಬಿಳಿ ಅಥವಾ ಹಸಿರು ಹುಡಿ ಇಣುಕುವ ದುಂಬಿ ಸಿಕ್ಕರೆ ಅದನ್ನು ಒಂಟಿಯಾಗಿ ಕಾಗದದ ಪೊಟ್ಟಣದಲ್ಲಿ ಹಾಕಿಕೊಳ್ಳುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೆವರಿ ಬೇರೆ ಬೂಷ್ಟು ಏರಿಬಿಡುತ್ತದೆ. ಮೆತ್ತಗೆ ಕೊಳೆತು ನಾರುವ ಹುಳು ಬ್ಯಾಕ್ಟೀರಿಯಾದಿಂದ ಸತ್ತದ್ದು, ಅದು ಬೇಡ.

ಬೂಷ್ಟು ಹೊರಗೆ ಕಾಣದ ಹೆಣವಾದರೆ ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಒಂದು ನಿಮಿಷ ಅದ್ದಿ, ಕುದಿಸಿ ಶುದ್ಧಮಾಡಿದ ನೀರಿನಲ್ಲಿ ಮೂರು ಸಲ ತೊಳೆದು, ಒದ್ದೆ ಸೋಸುಕಾಗದ ಹಾಸಿದ ಪೆಟ್ರಿ ತಟ್ಟೆಯಲ್ಲಿ 25 ಡಿಗ್ರಿಯಲ್ಲಿಡುತ್ತೇನೆ. ಐದಾರು ದಿನದಲ್ಲಿ ಹುಡಿ ಬಂದರೆ ಅದರ ತುದಿಯನ್ನು ಸೂಜಿಯಲ್ಲಿ ಮುಟ್ಟಿ, ಬೂಷ್ಟು ಬೆಳೆಸುವ ಪೋಷಕ ಮಾಧ್ಯಮಕ್ಕೆ ಎಳೆಯುವುದು. ಮಾಧ್ಯಮ 1 ಲೀಟರಿಗೆ: ಡೆಕ್ಸ್‌ಟ್ರೋಸ್ 40 ಗ್ರಾಂ, ಪೆಪ್ಟೋನ್ 10 ಗ್ರಾಂ, ಯೀಸ್ಟ್ ಸಾರ 10 ಗ್ರಾಂ, ಅಗರ್ 15 ಗ್ರಾಂ. ಮೊದಲ ಸಲ ಪ್ರತ್ಯೇಕಿಸುವಾಗ 0.5 ಗ್ರಾಂ ಕ್ಲೋರಾಂಫೆನಿಕಾಲ್ ಸೇರಿಸಿದರೆ ಬ್ಯಾಕ್ಟೀರಿಯಾ ತಡೆಯುತ್ತದೆ. ಹೆಣದಲ್ಲಿ ಬೇರೆ ಬೂಷ್ಟುಗಳ ಕಾಟ ಹೆಚ್ಚಿದ್ದರೆ 20 ಗ್ರಾಂ ಓಟ್ಸ್ ಹಿಟ್ಟು, 20 ಗ್ರಾಂ ಅಗರ್‌ಗೆ ಇದೇ ಕ್ಲೋರಾಂಫೆನಿಕಾಲ್ ಜೊತೆ 0.6 ಗ್ರಾಂ ಸಿಟಿಎಬಿ ಎಂಬ ಮಾರ್ಜಕ ರಾಸಾಯನಿಕ ಹಾಕಿದ ಮಾಧ್ಯಮ ಬಳಸಿ. ಸಾಮಾನ್ಯ ಕೊಳೆ ಬೂಷ್ಟುಗಳು ಹಿಂದುಳಿದು ನಮಗೆ ಬೇಕಾದವು ಮೇಲೆ ಬರುತ್ತವೆ.

ಇಲ್ಲೊಂದು ಅಪಾಯದ ತಿರುವಿದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೇರೆ ಬೂಷ್ಟು ಕೂಡ ಸತ್ತ ದುಂಬಿಯ ಮೇಲೆ ಹಸಿರಾಗಿ ಬರುತ್ತದೆ, ಅಕ್ಕಿಯ ಮೇಲಂತೂ ಸೊಂಪಾಗಿ ಬೆಳೆಯುತ್ತದೆ. ಮೆಟಾರೈಜಿಯಂ ಎಂದುಕೊಂಡು ಅದನ್ನೇ ಕಿಲೋಗಟ್ಟಲೆ ಬೆಳೆಸಿದರೆ ಅಫ್ಲಾಟಾಕ್ಸಿನ್ ವಿಷದ ನಡುವೆ ಕೂತಂತಾಯಿತು. ಬಣ್ಣ ನೋಡಿ ತೀರ್ಮಾನ ಮಾಡಲೇಬೇಡಿ, ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ. ಮೆಟಾರೈಜಿಯಂ ಬೀಜಾಣು 5ರಿಂದ 8 ಮೈಕ್ರಾನ್ ಉದ್ದದ ಕಡ್ಡಿಯಂತಿದ್ದು ಒಂದರ ಮೇಲೊಂದು ಕೂತು ಒತ್ತೊತ್ತಾದ ಕಂಬಗಳಾಗಿರುತ್ತವೆ. ಆಸ್ಪರ್ಜಿಲಸ್ ಬೀಜಾಣು ದುಂಡಗೆ, ಉಬ್ಬಿದ ತಲೆಯ ಸುತ್ತ ಚೆಂಡುಹೂವಿನಂತೆ ಹರಡಿರುತ್ತವೆ. ಬ್ಯುವೇರಿಯಾದ್ದು 2ರಿಂದ 3 ಮೈಕ್ರಾನಿನ ಗುಂಡು, ಅಂಕುಡೊಂಕಾದ ಸಣ್ಣ ತಂತುಗಳ ಮೇಲೆ ಗೊಂಚಲಾಗಿ ಕೂತಿರುತ್ತವೆ.

ಇನ್ನೊಂದು ಮಾತು, ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಾ ಹೋದರೆ ತಳಿ ಸೊರಗುತ್ತದೆ. ಬೀಜಾಣು ಕಡಿಮೆಯಾಗಿ ಬರೀ ಬಿಳಿ ಹತ್ತಿಯಂಥ ತಂತು ಬೆಳೆಯುತ್ತದೆ, ಹುಳು ಕೊಲ್ಲುವ ಕಸುವೂ ಇಳಿಯುತ್ತದೆ. ನಾನು ಮೂರು ಸಲಕ್ಕಿಂತ ಹೆಚ್ಚು ದಾಟಿಸುವುದಿಲ್ಲ. ಆಮೇಲೆ ಜೀವಂತ ದುಂಬಿಗೆ ತಗುಲಿಸಿ, ಅದು ಸತ್ತ ಮೇಲೆ ಹೆಣದಿಂದ ಮತ್ತೆ ತೆಗೆಯುತ್ತೇನೆ.

ಅಕ್ಕಿಯ ಮೇಲೆ ಬೆಳೆಸುವುದು

ಎರಡು ಹಂತದಲ್ಲಿ ಬೆಳೆಸಬೇಕು, ಮೊದಲು ದ್ರವದಲ್ಲಿ, ಆಮೇಲೆ ಅಕ್ಕಿಯಲ್ಲಿ. ನೇರವಾಗಿ ಅಕ್ಕಿಗೆ ಒಣ ಬೀಜಾಣು ಹಾಕಿದರೆ ಅದು ಮೊಳೆತು ಹರಡುವ ಮೊದಲು ಬೇರೆ ಬೂಷ್ಟುಗಳು ನುಗ್ಗುತ್ತವೆ. ಗ್ಲೂಕೋಸ್ 30 ಗ್ರಾಂ, ಯೀಸ್ಟ್ ಸಾರ 20 ಗ್ರಾಂ, ನೀರು 1 ಲೀಟರ್. 250 ಮಿಲಿಲೀಟರಿನ ಫ್ಲಾಸ್ಕಿಗೆ 75 ಮಿಲಿ ಮಾತ್ರ ಹಾಕಿ, ಶುದ್ಧಮಾಡಿ, ತಳಿ ಸೇರಿಸಿ, ನಿಮಿಷಕ್ಕೆ 150 ಸುತ್ತಿನ ಶೇಕರಿನಲ್ಲಿ 25 ಡಿಗ್ರಿಯಲ್ಲಿ ಮೂರು ದಿನ. ಫ್ಲಾಸ್ಕ್ ತುಂಬಿಸಿದರೆ ಗಾಳಿ ಸಾಲದೆ ಬೆಳವಣಿಗೆ ಕುಂದುತ್ತದೆ. ಮೂರನೇ ದಿನ ಒಂದು ಹನಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಸರಸರನೆ ಓಡಾಡುವ ಚಿಕ್ಕ ಕಣಗಳು ಕಂಡರೆ ಬ್ಯಾಕ್ಟೀರಿಯಾ. ಆ ಫ್ಲಾಸ್ಕನ್ನು ಮತ್ತೆ ಬೇಯಿಸಿ ಚೆಲ್ಲುವುದೊಂದೇ ದಾರಿ.

ಅಕ್ಕಿ ಕುಸುಬಲಕ್ಕಿಯಾಗಿದ್ದರೆ ಒಳ್ಳೆಯದು. ಬೆಂದ ಮೇಲೂ ಕಾಳು ಬಿಡಿಬಿಡಿಯಾಗಿರುತ್ತದೆ, ಕಾಳಿನ ನಡುವೆ ಗಾಳಿ ಆಡುತ್ತದೆ. ಬೆಳ್ತಿಗೆ ಅಕ್ಕಿ ಮುದ್ದೆಯಾಗಿ, ಮುದ್ದೆಯ ಹೊರಗೆ ಮಾತ್ರ ಬೂಷ್ಟು ಬೆಳೆದು ಒಳಗೆ ಹುಳಿ ವಾಸನೆ ಬರುತ್ತದೆ. 40 ನಿಮಿಷ ನೆನೆಸಿ, ನೀರು ಬಸಿದು, ಅರ್ಧ ಗಂಟೆ ಬಟ್ಟೆಯ ಮೇಲೆ ಹರಡಿ ಮೇಲಿನ ನೀರು ಆರಿಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕಾಳು ಉದುರಬೇಕು, ಅಂಗೈಗೆ ತೇವ ತಾಕಬೇಕು. ಕಿಲೋಗೆ ಒಂದು ಚಮಚ ಅಡುಗೆ ಎಣ್ಣೆ ಕಲಸಿದರೆ ಅಂಟುವುದು ಇನ್ನೂ ಕಡಿಮೆ. ಪಾಲಿಪ್ರೊಪಿಲೀನ್ ಚೀಲಕ್ಕೆ 500 ಗ್ರಾಂ ತುಂಬಿ, ಬಾಯಿಗೆ ಎರಡಿಂಚಿನ ಪೈಪ್ ತುಂಡು ತೊಡಿಸಿ, ಹತ್ತಿ ಬಿರಡೆ ಹಾಕಿ, 121 ಡಿಗ್ರಿಯಲ್ಲಿ 40 ನಿಮಿಷ ಆಟೋಕ್ಲೇವ್ ಮಾಡುವುದು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಶುದ್ಧಮಾಡುವುದು. ಪಾಲಿಥೀನ್ ಚೀಲ ಈ ಬಿಸಿಗೆ ಕರಗುತ್ತದೆ, ಕೊಳ್ಳುವಾಗಲೇ ನೋಡಿಕೊಳ್ಳಿ.

ಚೀಲ ಪೂರ್ತಿ ತಣ್ಣಗಾದ ಮೇಲೆ, ಸ್ಪಿರಿಟ್ ದೀಪದ ಮಗ್ಗುಲಲ್ಲಿ, ಚೀಲಕ್ಕೆ 50 ಮಿಲಿ ದ್ರವ ಸುರಿದು ಹೊರಗಿನಿಂದಲೇ ನಾದಬೇಕು. 25 ಡಿಗ್ರಿಯ ಕೋಣೆಯಲ್ಲಿ ಚೀಲಗಳನ್ನು ಒಂದೇ ಪದರದಲ್ಲಿ, ನಡುವೆ ಕೈ ಹೋಗುವಷ್ಟು ಜಾಗ ಬಿಟ್ಟು ಮಲಗಿಸಿ. ಎರಡನೇ ಮೂರನೇ ದಿನ ಬೂಷ್ಟು ಬಿರುಸಿನಿಂದ ಬೆಳೆಯುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಚೀಲಗಳನ್ನು ಒಂದರ ಮೇಲೊಂದು ಪೇರಿಸಿದಲ್ಲಿ ನಡುವಿನದ್ದು ಬಿಸಿಯೇರಿ, ಕೋಣೆ 25 ಡಿಗ್ರಿ ತೋರಿಸುತ್ತಿದ್ದರೂ ಒಳಗೆ ಬೂಷ್ಟು ಸಾಯುತ್ತಿರುತ್ತದೆ. ಮೂರನೇ ದಿನವೂ ಆರನೇ ದಿನವೂ ಗಂಟುಗಳನ್ನು ಹೊರಗಿನಿಂದಲೇ ಹಿಸುಕಿ ಒಡೆಯುತ್ತೇನೆ. 12ರಿಂದ 14ನೇ ದಿನಕ್ಕೆ ಬ್ಯುವೇರಿಯಾ ಕಾಳಿನ ಮೇಲೆ ಬಿಳಿ ಹಿಟ್ಟು ಹೊದಿಸಿರುತ್ತದೆ, ಮೆಟಾರೈಜಿಯಂ ಆಲಿವ್ ಹಸಿರಾಗಿರುತ್ತದೆ.

ಚೀಲ ಕೆಟ್ಟರೆ ಕಾರಣವನ್ನು ಅದು ಕೆಟ್ಟ ಜಾಗವೇ ಹೇಳುತ್ತದೆ. ಬಿರಡೆಯ ಕೆಳಗೆ ಮಾತ್ರ ಬೇರೆ ಬಣ್ಣ ಬಂದಿದ್ದರೆ ಹತ್ತಿ ಒದ್ದೆಯಾಗಿತ್ತು. ಎಲ್ಲ ಚೀಲದಲ್ಲೂ ಒಂದೇ ಸಮನೆ ಬಂದಿದ್ದರೆ ದ್ರವವೇ ಕೆಟ್ಟಿತ್ತು. ಚೀಲದ ನಡುವೆ ಲೋಳೆ, ಹುಳಿ ವಾಸನೆ ಇದ್ದರೆ ಅಕ್ಕಿ ಹೆಚ್ಚು ಒದ್ದೆ ಇತ್ತು ಅಥವಾ ಶಾಖ ನಡುವಿನವರೆಗೆ ಮುಟ್ಟಿರಲಿಲ್ಲ. ಗಾಢ ಹಸಿರಿನ ಟ್ರೈಕೋಡರ್ಮಾ ಎಂಬ ಬೇರೆ ಬೂಷ್ಟು ಒಂದು ಚೀಲದಲ್ಲಿ ಕಂಡರೂ ಅದನ್ನು ಕೋಣೆಯಲ್ಲಿ ಬಿಚ್ಚಬಾರದು, ಹಾಗೇ ಆಟೋಕ್ಲೇವಿಗೆ ಹಾಕಬೇಕು.

ಒಣಗಿಸುವುದು ಮತ್ತು ಎಣಿಸುವುದು

ಇಲ್ಲಿಯವರೆಗೆ ಚೆನ್ನಾಗಿ ಮಾಡಿದ ಕೆಲಸ ಹಾಳಾಗುವುದು ಸಾಮಾನ್ಯವಾಗಿ ಒಣಗಿಸುವಾಗ. ಬಿಸಿಲಿಗೆ ಹಾಕುವಂತಿಲ್ಲ, ನೇರಳಾತೀತ ಕಿರಣ ಕೆಲವೇ ಗಂಟೆಗಳಲ್ಲಿ ಬೀಜಾಣು ಕೊಲ್ಲುತ್ತದೆ. ಬಿಸಿಗಾಳಿಯೂ ಬೇಡ. ನಾನು ಕಾಗದ ಹಾಸಿದ ತಟ್ಟೆಗಳಲ್ಲಿ ಅಕ್ಕಿಯನ್ನು ಒಂದು ಬೆರಳು ದಪ್ಪಕ್ಕೆ ಹರಡಿ, ತೇವ ಹೀರುವ ಯಂತ್ರವಿರುವ ಮುಚ್ಚಿದ ಕೋಣೆಯಲ್ಲಿ 25 ಡಿಗ್ರಿಯೊಳಗೆ ನಾಲ್ಕೈದು ದಿನ ಇಡುತ್ತೇನೆ. ಕಾಳು ಹಲ್ಲಿಗೆ ಕಟುಕ್ಕೆನ್ನುವಷ್ಟು ಗಟ್ಟಿಯಾಗಬೇಕು, ಆದರೆ ಅದನ್ನು ಕಚ್ಚಿ ನೋಡಬೇಡಿ, ಇಕ್ಕಳದಲ್ಲಿ ಒತ್ತಿ ನೋಡಿ. ಆಮೇಲೆ 100 ಮೆಶ್ (ಇಂಚಿಗೆ 100 ಕಣ್ಣಿನ) ಜರಡಿಯಲ್ಲಿ ಮುಚ್ಚಳ ಹಾಕಿ ಅಲ್ಲಾಡಿಸಿದರೆ ಬೀಜಾಣು ಹುಡಿ ಕೆಳಗಿಳಿಯುತ್ತದೆ. ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ತೇವಾಂಶ ಶೇಕಡಾ 5ಕ್ಕೆ ಇಳಿಸಿ 4 ಡಿಗ್ರಿಯಲ್ಲಿಟ್ಟರೆ ಮುಂದಿನ ಋತುವಿಗೂ ಬರುತ್ತದೆ. ತೇವಾಂಶ ಹೆಚ್ಚಿದ್ದರೆ ಫ್ರಿಜ್ಜಿನಲ್ಲಿದ್ದರೂ ಕೆಲವೇ ವಾರಗಳಲ್ಲಿ ಮೊಳಕೆ ಇಳಿಯುತ್ತಾ ಹೋಗುತ್ತದೆ.

ಜರಡಿ ಹಿಡಿಯುವ ಕೆಲಸಕ್ಕೆ ಎನ್95 ಮುಖಗವಸು, ಕನ್ನಡಕ, ಕೈಗವಸು ಇಲ್ಲದೆ ಕೂರಬೇಡಿ. ಈ ಹುಡಿ ಮನುಷ್ಯರಿಗೆ ರೋಗ ತರುವುದು ತೀರಾ ಅಪರೂಪ, ಆದರೆ ದಿನವೂ ಉಸಿರಾಡಿದರೆ ಅಲರ್ಜಿ, ಉಬ್ಬಸ ಬರಬಹುದು.

ಎಣಿಕೆ ಬಿಟ್ಟು ಮುಂದೆ ಹೋಗುವಂತಿಲ್ಲ. 1 ಗ್ರಾಂ ಹುಡಿಯನ್ನು ಶೇಕಡಾ 0.05ರ ಟ್ವೀನ್ 80 ಎಂಬ ಸಾಬೂನಿನಂಥ ದ್ರವ ಹಾಕಿದ 100 ಮಿಲಿ ನೀರಿನಲ್ಲಿ ಕಲಕಿ, ಅದನ್ನು ನೂರು ಪಟ್ಟು ತೆಳು ಮಾಡಿ, ಹೀಮೋಸೈಟೋಮೀಟರ್ ಎಂಬ, ಚೌಕ ಕೊರೆದ ಎಣಿಕೆ ಗಾಜಿನ ನಡುವಿನ 25 ಚೌಕಗಳಲ್ಲಿ ಐದನ್ನು ಎಣಿಸುತ್ತೇನೆ. ಐದರಲ್ಲಿ 120 ಸಿಕ್ಕಿತೆಂದುಕೊಳ್ಳಿ. 25ಕ್ಕೆ 600. ಅದನ್ನು 10,000ದಿಂದ ಗುಣಿಸಿದರೆ ಮಿಲಿಗೆ 60 ಲಕ್ಷ. ತೆಳು ಮಾಡಿದ ನೂರರಿಂದ ಗುಣಿಸಿದರೆ 60 ಕೋಟಿ. 100 ಮಿಲಿ ಇದ್ದುದರಿಂದ ಗ್ರಾಮಿಗೆ 6,000 ಕೋಟಿ.

ಆದರೆ ಅದರಲ್ಲಿ ಬದುಕಿರುವುದೆಷ್ಟು? ಮೇಲೆ ಹೇಳಿದ ಮಾಧ್ಯಮದ ಪೋಷಕಾಂಶಗಳನ್ನು ಕಾಲು ಭಾಗಕ್ಕೆ ಇಳಿಸಿ, ಅಗರ್ ಅಷ್ಟೇ ಉಳಿಸಿ ತಟ್ಟೆ ಮಾಡಿ ಹನಿ ಹಾಕಿ, 25 ಡಿಗ್ರಿಯಲ್ಲಿ 18ರಿಂದ 20 ಗಂಟೆ ಬಿಟ್ಟು 300 ಬೀಜಾಣು ನೋಡಿ. ಮೊಳಕೆ ಬೀಜಾಣುವಿನ ಅಗಲಕ್ಕಿಂತ ಉದ್ದ ಬಂದಿದ್ದರೆ ಮಾತ್ರ ಬದುಕಿದೆ ಎಂದು ಲೆಕ್ಕ. 24 ಗಂಟೆ ದಾಟಿದರೆ ತಂತುಗಳು ಹೆಣೆದುಕೊಂಡು ಎಣಿಸಲಾಗುವುದಿಲ್ಲ. ಶೇಕಡಾ 85 ಮೊಳೆತರೆ ಗ್ರಾಮಿಗೆ 5,100 ಕೋಟಿ ಜೀವಂತ ಬೀಜಾಣು. ಸಿಂಪಡಣೆಗೆ ಮಿಲಿಗೆ 10 ಕೋಟಿ ಬೇಕೆಂದರೆ 10 ಲೀಟರಿಗೆ ಒಂದು ಲಕ್ಷ ಕೋಟಿ, ಅಂದರೆ ಸುಮಾರು 20 ಗ್ರಾಂ ಹುಡಿ. ಶೇಕಡಾ 70ಕ್ಕಿಂತ ಕಡಿಮೆ ಮೊಳೆತ ಹುಡಿಯನ್ನು ನಾನು ಕಾಡಿಗೆ ಒಯ್ಯುವುದಿಲ್ಲ. ಪ್ರಮಾಣ ಹೆಚ್ಚಿಸಿ ಸರಿದೂಗಿಸಬಹುದು ಎನಿಸುತ್ತದೆ, ಆದರೆ ಉಳಿದಿರುವವೂ ಬಳಲಿದ್ದು ನಿಧಾನವಾಗಿ ಮೊಳೆಯುತ್ತವೆ.

ಚೆನ್ನಾಗಿ ಒಣಗಿದ ಹುಡಿಯನ್ನು ಫ್ರಿಜ್ಜಿನಿಂದ ತೆಗೆದು ನೇರ ತಣ್ಣೀರಿಗೆ ಹಾಕುವುದು ಹಲವರು ಮಾಡುವ ತಪ್ಪು. ಒಣ ಬೀಜಾಣು ಒಮ್ಮೆಲೇ ನೀರು ಕುಡಿದಾಗ ಅದರ ಪೊರೆ ಹರಿದು ಸಾಯುತ್ತದೆ. ಮೆಟಾರೈಜಿಯಂನಲ್ಲಿ ಇದು ಹೆಚ್ಚು. ಹುಡಿಯನ್ನು ತೆರೆದ ಬಟ್ಟಲಲ್ಲಿ ಹಾಕಿ, ಒದ್ದೆ ಬಟ್ಟೆಯಿರುವ ಮುಚ್ಚಿದ ಪೆಟ್ಟಿಗೆಯೊಳಗೆ ನೀರು ತಾಗದಂತೆ ಒಂದು ರಾತ್ರಿ ಇಟ್ಟು, ಮರುದಿನ 30 ಡಿಗ್ರಿಗಿಂತ ಸ್ವಲ್ಪ ಮೇಲಿನ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದರೆ ಈ ನಷ್ಟ ತಪ್ಪುತ್ತದೆ. ಮೊಳಕೆ ಪರೀಕ್ಷೆಗೂ ಇದೇ ಕ್ರಮ ಅನುಸರಿಸಬೇಕು, ಇಲ್ಲವಾದರೆ ಒಳ್ಳೆಯ ಹುಡಿಯೂ ಕೆಟ್ಟದೆಂದು ತೋರುತ್ತದೆ.

ಪಟ್ಟಿ ಕಟ್ಟುವುದು

ಉದ್ದ ಮೀಸೆಯ ದುಂಬಿಗೆ ನನ್ನ ಮಟ್ಟಿಗೆ ಸಿಂಪಡಣೆಗಿಂತ ಪಟ್ಟಿಯೇ ಮೇಲು. ಜಪಾನಿನಲ್ಲಿ ಬ್ಯುವೇರಿಯಾ ಬ್ರಾಂಗ್ನಿಯಾರ್ಟಿ ಬೆಳೆಸಿದ 5 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ನೇಯದ ಬಟ್ಟೆಯ ಪಟ್ಟಿಯನ್ನು ಮರಕ್ಕೆ ಸುತ್ತುವ ಪದ್ಧತಿ ರೂಪುಗೊಂಡಿತು. ನಾನು ಅದೇ ಅಳತೆ ಇಟ್ಟುಕೊಂಡಿದ್ದೇನೆ. ಹತ್ತಿ ಅಥವಾ ಮರದ ನಾರಿನ ದಪ್ಪ ಬಟ್ಟೆಯಾಗಬೇಕು, ನೀರು ಹೀರದ ಪ್ಲಾಸ್ಟಿಕ್ ನಾರಿನದ್ದು ಆಗದು. ಪಟ್ಟಿಗಳನ್ನು ಆಟೋಕ್ಲೇವ್ ಮಾಡಿ, ಮೂರು ದಿನದ ದ್ರವ ಕೃಷಿಯಲ್ಲಿ ಅದ್ದಿ, ಹನಿ ನಿಲ್ಲುವವರೆಗೆ ಹಿಂಡಿ, ಸ್ಪಿರಿಟಿನಲ್ಲಿ ಒರೆಸಿದ ಪೆಟ್ಟಿಗೆಯೊಳಗೆ ತಂತಿಗೆ ಒಂದಕ್ಕೊಂದು ತಾಗದಂತೆ ನೇತುಹಾಕುತ್ತೇನೆ. ತಳದಲ್ಲಿ ಶುದ್ಧ ನೀರು, 25 ಡಿಗ್ರಿ, ಎರಡು ವಾರ. ಕೊನೆಯ ಎರಡು ದಿನ ಮುಚ್ಚಳ ಸ್ವಲ್ಪ ಸರಿಸಿ ನಿಧಾನವಾಗಿ ಆರಿಸುವುದು. ಒಂದು ಚದರ ಸೆಂಟಿಮೀಟರ್ ತುಂಡು ಕತ್ತರಿಸಿ ಟ್ವೀನ್ ನೀರಿನಲ್ಲಿ ಚೆನ್ನಾಗಿ ಅಲ್ಲಾಡಿಸಿ ಎಣಿಸಿದಾಗ ಕನಿಷ್ಠ ಒಂದು ಕೋಟಿ ಸಿಗಬೇಕು, ಹತ್ತು ಕೋಟಿಯಾದರೆ ಉತ್ತಮ.

ಕಟ್ಟುವ ಜಾಗ: ದುಂಬಿ ಹೊರಬಂದ ತೂತುಗಳಿಗಿಂತ ಮೇಲೆ, ಕವಲು ಒಡೆಯುವ ಜಾಗದ ಕೆಳಗೆ, ನೆರಳಿನ ಕಡೆ ಹೆಚ್ಚು ಭಾಗ ಬರುವಂತೆ. ಹೊರಬಂದ ದುಂಬಿ ಮೇಲ್ಮುಖವಾಗಿ ನಡೆಯುವುದೇ ಹೆಚ್ಚು. ಪಟ್ಟಿ ತೊಗಟೆಗೆ ಅಂಟಿಕೊಂಡಿರಲಿ. ಒರಟು ತೊಗಟೆಯಲ್ಲಿ ಪಟ್ಟಿಯ ಕೆಳಗೆ ಸಂದಿ ಉಳಿದರೆ ದುಂಬಿ ಅಡಿಯಿಂದ ನುಸುಳುತ್ತದೆ, ಅಂಥಲ್ಲಿ ಸಡಿಲ ಪದರವನ್ನು ಮಾತ್ರ ಕೆರೆದು ತೆಗೆಯಿರಿ. ಸ್ಟೇಪ್ಲರಿನಿಂದ ಎರಡು ಪಿನ್ನು ಸಾಕು. ದಪ್ಪ ಮರಕ್ಕೆ ಎರಡು ಪಟ್ಟಿ ಜೋಡಿಸಿ ಪೂರ್ತಿ ಸುತ್ತು ಬರಿಸಿ.

ದಿನ ಗೊತ್ತು ಮಾಡುವುದಕ್ಕೆ ಹುಳುಬಿದ್ದ ಕಾಂಡದ ಎರಡಡಿ ತುಂಡುಗಳನ್ನು ಋತುವಿಗೆ ಮೊದಲೇ ಕಡಿದು, ಅದೇ ಕಾಡಿನ ನೆರಳಿನಲ್ಲಿ ದುಂಬಿ ಕಚ್ಚಿ ಹರಿಯಲಾಗದ ಲೋಹದ ಜಾಲರಿ ಪಂಜರದಲ್ಲಿಡಿ. ತೊಗಟೆ ಎಬ್ಬಿಸಿ, ಬೇಕಾದರೆ ಒಂದು ತುಂಡು ಸೀಳಿ ನೋಡಿದಾಗ ಕೋಶಾವಸ್ಥೆಯ ಹುಳುವಿನ ಕಣ್ಣು ಕಪ್ಪಾಗಿದ್ದರೆ ಪಟ್ಟಿ ಕಟ್ಟುವ ಕೆಲಸ ಶುರು ಮಾಡಬಹುದು. ಪಂಜರದಲ್ಲಿ ಮೊದಲ ದುಂಬಿ ಕಾಣುವ ಹೊತ್ತಿಗೆ ಎಲ್ಲ ಮರಕ್ಕೂ ಪಟ್ಟಿ ಬಿದ್ದಿರಬೇಕು. ಆರು ವಾರಕ್ಕೊಮ್ಮೆ ಪಟ್ಟಿಯ ತುಂಡು ತಂದು ಎಣಿಸಿ ಮೊಳಕೆ ನೋಡಿ, ಕೋಟಿಗಿಂತ ಕೆಳಗಿಳಿದಿದ್ದರೆ ಹೊಸದು ಕಟ್ಟುತ್ತೇನೆ. ಗಂಡು ದುಂಬಿಗೆ ತಗುಲಿದ ಬೀಜಾಣು ಕೂಡುವಾಗ ಹೆಣ್ಣಿಗೂ ದಾಟುತ್ತದೆ, ಆದ್ದರಿಂದ ಪಟ್ಟಿಯ ಫಲ ಪಟ್ಟಿ ದಾಟದ ದುಂಬಿಗೂ ಒಂದಷ್ಟು ಮುಟ್ಟುತ್ತದೆ.

ಬಲೆಯಿಂದ ಹರಡಿಸುವುದು

ತೊಗಟೆ ದುಂಬಿಗೆ ಆಲಿಕೆಗಳನ್ನು ಒಂದರ ಕೆಳಗೊಂದು ಜೋಡಿಸಿದ, ದುಂಬಿ ಸೆಳೆಯುವ ವಾಸನೆ ಇಟ್ಟ ಮೋಹಕ ಬಲೆ ತೆಗೆದುಕೊಂಡು, ಹುಳು ಬೀಳುವ ತಳದ ಡಬ್ಬಿಯ ಬದಲು ಹೊರಹೋಗುವ ದಾರಿಯಿರುವ ಕೊಠಡಿ ಜೋಡಿಸುತ್ತೇನೆ. ಕೊಠಡಿಯ ಒಳಗೋಡೆಗೆ ಒರಟು ಬಟ್ಟೆ ಅಂಟಿಸಿ ಅದಕ್ಕೆ 5 ಗ್ರಾಂ ಒಣ ಹುಡಿ ಉಜ್ಜಿರುತ್ತೇನೆ. ವಾಸನೆಗೆ ಬಂದ ದುಂಬಿ ಜಾರಿ ಕೆಳಗೆ ಬಿದ್ದು, ಬಟ್ಟೆ ಹಿಡಿದು ಹತ್ತಿ, ಬದಿಯ ಕಂಡಿಯಿಂದ ಬೆಳಕಿನ ಕಡೆ ಹೊರಬರುತ್ತದೆ. ಕಂಡಿ ನೆರಳಿನತ್ತ ಇದ್ದರೆ ದುಂಬಿ ದಾರಿ ಕಾಣದೆ ಒಳಗೇ ಸುತ್ತಿ ಸಾಯುತ್ತದೆ, ಹರಡುವುದು ನಿಲ್ಲುತ್ತದೆ. ಮೇಲೆ ಮಳೆಗೆ ಚಾವಣಿ ಬೇಕೇ ಬೇಕು, ಹುಡಿ ಒದ್ದೆಯಾದರೆ ಗಂಟು ಕಟ್ಟಿ ಮೈಗೆ ಹತ್ತುವುದಿಲ್ಲ. ಎರಡು ವಾರಕ್ಕೊಮ್ಮೆ ಬಟ್ಟೆ ಬದಲಿಸುವುದು.

ಬಲೆಯನ್ನು ಆರೋಗ್ಯವಂತ ಮರದಿಂದ 10ರಿಂದ 15 ಮೀಟರ್ ದೂರದಲ್ಲಿಡಿ. ಹತ್ತಿರ ಇಟ್ಟರೆ ವಾಸನೆಗೆ ಬಂದ ಗುಂಪು ಬಲೆ ಬಿಟ್ಟು ಪಕ್ಕದ ಮರವನ್ನೇ ಹೊಕ್ಕು ಕೊಲ್ಲುತ್ತದೆ. ಈ ವಿಧಾನದ ಮಿತಿಯನ್ನೂ ಹೇಳಿಬಿಡುತ್ತೇನೆ. ಬೀಜಾಣು ಮೆತ್ತಿಕೊಂಡು ಹೋದ ದುಂಬಿ ಸಾಯುವ ಮೊದಲು ಇನ್ನೊಂದು ಮರ ಕೊರೆಯಬಹುದು. ಅಲ್ಲಿ ಸುರಂಗದೊಳಗೆ ಸತ್ತು ಜೊತೆಯವಕ್ಕೂ ತಗುಲಿಸುತ್ತದೆ ನಿಜ, ಆದರೆ ಆ ಮರಕ್ಕೆ ಗಾಯ ಆಗಿಯೇ ಇರುತ್ತದೆ. ಗಾಳಿಗೆ ಬಿದ್ದ ಮರಗಳನ್ನು, ಹುಳು ಹೊಕ್ಕ ಮರಗಳನ್ನು ಹೊಸ ದುಂಬಿ ಹಾರುವ ಮೊದಲು ಸಾಗಿಸುವ ಅಥವಾ ತೊಗಟೆ ಸುಲಿಯುವ ಕೆಲಸ ನಡೆಯದ ಕಡೆ ಶಿಲೀಂಧ್ರವನ್ನು ಮಾತ್ರ ನಂಬಬೇಡಿ. ದುಂಬಿಗಳು ಲಕ್ಷಗಟ್ಟಲೆ ಎದ್ದ ವರ್ಷ ಅದು ತಡೆಯಲಾರದು.

ಸಿಂಪಡಣೆಯನ್ನು ಕಡಿದು ಪೇರಿಸಿದ ದಿಮ್ಮಿಗಳಿಗೆ, ದುಂಬಿ ಸೆಳೆಯಲೆಂದೇ ಇಟ್ಟ ದಿಮ್ಮಿಗಳಿಗೆ ಮಾತ್ರ ಬಳಸುತ್ತೇನೆ. ಸಂಜೆ, ಗಾಳಿ ಇಲ್ಲದಾಗ, ತೊಗಟೆ ಪೂರ್ತಿ ತೊಯ್ದು ಹನಿ ಇಳಿಯುವ ಮೊದಲು ನಿಲ್ಲಿಸುವುದು. ಬರೀ ನೀರಿಗಿಂತ ಸಸ್ಯದ ಎಣ್ಣೆಯ ಶೇಕಡಾ 1ರ ಎಮಲ್ಷನ್ (ನೀರಿನಲ್ಲಿ ಕದಡಿ ಬೆರೆಸಿದ ಎಣ್ಣೆ) ಮೇಲು, ನೀರೊಲ್ಲದ ಬೀಜಾಣು ಎಣ್ಣೆಯಲ್ಲಿ ಸುಲಭವಾಗಿ ಬೆರೆತು ದುಂಬಿಯ ಮೇಣದ ಮೈಗೆ ಚೆನ್ನಾಗಿ ಅಂಟುತ್ತದೆ. 1990ರ ದಶಕದಲ್ಲಿ ಆಫ್ರಿಕಾದ ಮಿಡತೆಗಳ ವಿರುದ್ಧ ಲುಬಿಲೋಸಾ ಯೋಜನೆ ಮೆಟಾರೈಜಿಯಂ ಅನ್ನು ಎಣ್ಣೆಯಲ್ಲೇ ಸಿಂಪಡಿಸಿ ಒಣ ಹವೆಯಲ್ಲೂ ಕೆಲಸ ಮಾಡುವುದನ್ನು ತೋರಿಸಿತ್ತು. ಪೈನ್, ಸ್ಪ್ರೂಸ್‌ನ ಹಸಿ ರಾಳ ಒಸರುವ ಜಾಗಕ್ಕೆ ಮಾತ್ರ ಹೊಡೆಯಬೇಡಿ, ರಾಳದ ಟರ್ಪೀನ್‌ಗಳು ಮೊಳಕೆಯನ್ನೇ ತಡೆಯುತ್ತವೆ. ತಾಮ್ರ, ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕ ಹೊಡೆದ ಉಪಕರಣ ಬಳಸುವಂತಿಲ್ಲ.

ಸುತ್ತಮುತ್ತ ರೇಷ್ಮೆ ಸಾಕಣೆ ಇದ್ದಲ್ಲಿ ಬ್ಯುವೇರಿಯಾ ಬಳಸಲೇಬಾರದು. ಜೇನುಗೂಡುಗಳ ಮೇಲೆ ಹುಡಿ ಬೀಳಬಾರದು. ತೊಗಟೆ ದುಂಬಿಯನ್ನೇ ತಿನ್ನುವ ಥನಾಸಿಮಸ್ ದುಂಬಿಗೂ ಈ ಬೂಷ್ಟು ತಗುಲಬಲ್ಲದು, ಅದೂ ಅದೇ ವಾಸನೆಗೆ ಬಲೆಗೆ ಬರುತ್ತದೆ. ಕೊಠಡಿಯ ಬಾಯಿಗೆ ತೊಗಟೆ ದುಂಬಿ ಮಾತ್ರ ತೂರುವ ಕಣ್ಣಿನ ಜಾಲರಿ ಹಾಕಿದರೆ ದೊಡ್ಡದಾದ ಅದು ಹೊರಗೇ ಉಳಿಯುತ್ತದೆ. ಬಳಸುವ ಮೊದಲು ಅಲ್ಲಿನ ಅರಣ್ಯ ಇಲಾಖೆಯ ಮತ್ತು ಕೀಟನಾಶಕ ನೋಂದಣಿಯ ನಿಯಮ ನೋಡಿಕೊಳ್ಳುವುದು ಕಡ್ಡಾಯ.

ತಾಗಿದೆಯೋ ಇಲ್ಲವೋ

ಮರದ ಕೆಳಗೆ ಸತ್ತ ದುಂಬಿ ಹುಡುಕಿ ಫಲ ಅಳೆಯಲಾಗದು, ಇರುವೆ ಹಕ್ಕಿಗಳು ಉಳಿಸುವುದಿಲ್ಲ. ಪಟ್ಟಿ ಕಟ್ಟಿದ ಕಡೆಯಿಂದ 30, ಕಟ್ಟದ ದೂರದ ಕಡೆಯಿಂದ 30 ಜೀವಂತ ದುಂಬಿ ಹಿಡಿದು ತರುತ್ತೇನೆ. ಹಿಡಿಯುವಾಗ ಒಂದೊಂದಕ್ಕೂ ಬೇರೆ ಡಬ್ಬಿ, ಬೇರೆ ಕೈಗವಸು. ಒಂದೇ ಚೀಲಕ್ಕೆ ಹಾಕಿ ತಂದರೆ ಚೀಲದಲ್ಲೇ ಎಲ್ಲಕ್ಕೂ ತಗುಲಿ ಫಲಿತಾಂಶ ಸುಳ್ಳಾಗುತ್ತದೆ. ತಾಜಾ ರೆಂಬೆ ತುಂಡು ಕೊಟ್ಟು ಮೂರು ವಾರ ಸಾಕಿ, ಸತ್ತ ದಿನ ಬರೆದು, ಹೆಣವನ್ನು ಒದ್ದೆ ತಟ್ಟೆಗೆ ಹಾಕಿ ಬೂಷ್ಟು ಹೊರಬರುವುದೋ ನೋಡುವುದು. ಬೂಷ್ಟು ಬಂದದ್ದನ್ನೂ ಬಾರದೆ ಸತ್ತದ್ದನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ.

ಪಟ್ಟಿ ಇಲ್ಲದ ಕಡೆಯೂ ಕೆಲವು ಸಾಯುತ್ತವೆ. ಅದನ್ನು ಕಳೆಯಲು 1925ರ ಅಬಾಟ್ ಸೂತ್ರ ಈಗಲೂ ಸಾಕು. ಉದಾಹರಣೆಗೆ ಪಟ್ಟಿಯ ಕಡೆ ಶೇಕಡಾ 64, ಇಲ್ಲದ ಕಡೆ ಶೇಕಡಾ 10 ಸತ್ತಿದ್ದರೆ, 64ರಲ್ಲಿ 10 ಕಳೆದು ಬಂದ 54ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 60. ಅದೇ ಪಟ್ಟಿಯಿಂದ ಆದದ್ದು. ಇಲ್ಲದ ಕಡೆ ಶೇಕಡಾ 20 ದಾಟಿ ಸತ್ತಿದ್ದರೆ ಸಾಕಿದ ಕ್ರಮದಲ್ಲೇ ದೋಷವಿದೆ, ಆ ಲೆಕ್ಕ ಬಿಟ್ಟು ಮತ್ತೆ ಮಾಡಿ.

ಫಲ ಕಡಿಮೆ ಬಂದಾಗ ನಾನು ನೋಡುವ ಅನುಕ್ರಮ ಇದು: ಪಟ್ಟಿಯ ಮೇಲೆ ಬೀಜಾಣು ಬದುಕಿದೆಯೇ, ಇದ್ದರೆ ದುಂಬಿ ಪಟ್ಟಿ ದಾಟಿದೆಯೇ, ದಾಟಿದ್ದರೆ ಆ ದಿನಗಳ ಉಷ್ಣತೆ ಎಷ್ಟಿತ್ತು. 15 ಡಿಗ್ರಿಗಿಂತ ಕೆಳಗೆ ಸೋಂಕು ತೀರಾ ನಿಧಾನ, 35ರ ಮೇಲೆ ಬಹುಪಾಲು ತಳಿಗಳು ಬೆಳೆಯುವುದೇ ಇಲ್ಲ. ತಳಿಯ ಮೇಲೆ ಅನುಮಾನ ಪಡುವುದು ಎಲ್ಲಕ್ಕಿಂತ ಕೊನೆಗೆ.

ಋತು ಮುಗಿದ ಮೇಲೆ ಪಟ್ಟಿಗಳನ್ನು ಪಿನ್ನುಗಳ ಸಮೇತ ಬಿಚ್ಚಿ ತಂದು ಆಟೋಕ್ಲೇವ್ ಮಾಡಿ ಗೊಬ್ಬರಕ್ಕೆ ಹಾಕುತ್ತೇನೆ, ಪಿನ್ನುಗಳನ್ನು ಬೇರೆಯಾಗಿ ತೆಗೆದಿಡುತ್ತೇನೆ. ಒದ್ದೆ ತಟ್ಟೆಯಲ್ಲಿ ಎಲ್ಲಕ್ಕಿಂತ ಬೇಗ ಸತ್ತು ಚೆನ್ನಾಗಿ ಹುಡಿ ಬಿಟ್ಟ ಐದಾರು ದುಂಬಿಗಳಿಂದ ತಳಿಯನ್ನು ಮತ್ತೆ ಮಾಧ್ಯಮಕ್ಕೆ ತಂದು, ಶುದ್ಧಮಾಡಿದ ಸೋಸುಕಾಗದದ ಚೂರುಗಳ ಮೇಲೆ ಬೆಳೆಸಿ, ಚೂರುಗಳನ್ನು ಸಿಲಿಕಾ ಜೆಲ್ ಜೊತೆ ಒಣಗಿಸಿ, ಚಿಕ್ಕ ಲಕೋಟೆಗಳಲ್ಲಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತೇನೆ. ಲಕೋಟೆಯ ಮೇಲೆ ದುಂಬಿಯ ಹೆಸರು, ಮರ, ಸತ್ತ ದಿನ, ಎಷ್ಟನೇ ದಾಟಿಸುವಿಕೆ ಎಂದು ಬರೆದಿರುತ್ತದೆ. ಮುಂದಿನ ಸಲ ದ್ರವ ಕೃಷಿಗೆ ಒಂದು ಲಕೋಟೆಯ ಒಂದೇ ಚೂರು ಸಾಕು.